ಬಟನ್ ‘ಯಾವಾಗ’ ಹೇಳುತ್ತೆ, ಕೈ ‘ಎಷ್ಟು’ ಹೇಳುತ್ತೆ: ಗೇಮ್ ಕಂಟ್ರೋಲರ್‌ಗಳ ಒಂದು ಪಾಠ

ಬಿಜಿಎಂಐ ಆಡೋರು ನಾಲ್ಕು ಜನ ಸೇರಿದ್ರೆ ಒಂದು ವಾದ ಖಂಡಿತ ಶುರುವಾಗುತ್ತೆ. ಜೈರೋ ಆನ್ ಇಟ್ಕೊಂಡು ಆಡಬೇಕಾ, ಬರೀ ಹೆಬ್ಬೆರಳಲ್ಲಿ ಆಡಬೇಕಾ? ಫೋನನ್ನೇ ಸ್ವಲ್ಪ ಓರೆ ಮಾಡಿ ಗುರಿ ಇಡೋರು ಒಂದು ಪಕ್ಷ, ಸ್ಕ್ರೀನ್ ಮೇಲೆ ಬೆರಳು ಎಳೆದೇ ಗುರಿ ಇಡೋರು ಇನ್ನೊಂದು ಪಕ್ಷ. ಎರಡೂ ಕಡೆಯವರು ‘ನಂದೇ ಸರಿ’ ಅಂತಾರೆ. ಕೊನೆಗೆ ಯಾರೋ ಒಬ್ಬರು ‘ಎಲ್ಲಾ ಪ್ರಾಕ್ಟೀಸ್ ಮಗಾ’ ಅಂತ ಹೇಳಿ ವಾದ ಮುಗಿಸ್ತಾರೆ.

ಆದ್ರೆ ಇದು ಬರೀ ಪ್ರಾಕ್ಟೀಸ್ ವಿಷಯ ಅಲ್ಲ. ಇದರ ಹಿಂದೆ ನಾವು ಓದೋ ಫಿಸಿಕ್ಸ್ ಇದೆ, ಸಿಗ್ನಲ್ ಪ್ರೊಸೆಸಿಂಗ್ ಇದೆ, ಸ್ವಲ್ಪ ಕಂಟ್ರೋಲ್ ಸಿಸ್ಟಮ್ಸ್ ಕೂಡ ಇದೆ. ಗೇಮಿಂಗ್ ಜಗತ್ತಲ್ಲಿ ಈ ವಾದ ದೊಡ್ಡದಾಗಿ ಶುರುವಾಗಿದ್ದು 2006ರಲ್ಲಿ, ನಿಂಟೆಂಡೊ ಕಂಪನಿ ‘ವೀ’ ಅನ್ನೋ ಕನ್ಸೋಲ್ ತಂದಾಗ. ಟಿವಿ ರಿಮೋಟ್ ಥರ ಇದ್ದ ಅದರ ಕಂಟ್ರೋಲರನ್ನ ಬೀಸಿದ್ರೆ ಆಟದೊಳಗೆ ಬ್ಯಾಟ್ ಬೀಸುತ್ತೆ. ಅದಕ್ಕೆ ಮುಂಚಿನ ನಿಂಟೆಂಡೊ ಕನ್ಸೋಲ್ ಗೇಮ್‌ಕ್ಯೂಬ್ ಮಾರಾಟವಾಗಿದ್ದು ಸುಮಾರು 2.17 ಕೋಟಿ. ವೀ 10 ಕೋಟಿ ದಾಟಿತು. ಇನ್ಮೇಲೆ ಬಟನ್‌ಗಳ ಕಾಲ ಮುಗೀತು ಅಂತ ತುಂಬಾ ಜನ ಅಂದುಕೊಂಡ್ರು. ಮುಗೀಲಿಲ್ಲ. ಇವತ್ತು ಯಾವ ಕನ್ಸೋಲ್ ತಗೊಂಡ್ರೂ ಕೈಗೆ ಬರೋದು ಎರಡು ಸ್ಟಿಕ್, ಒಂದಷ್ಟು ಬಟನ್ ಇರೋ ಕಂಟ್ರೋಲರೇ.

ಹಾಗಾದ್ರೆ ಮೋಷನ್ ಕಂಟ್ರೋಲ್ ಸೋತಿತಾ? ನನ್ನ ಪ್ರಕಾರ ಆ ಪ್ರಶ್ನೆನೇ ಸರಿ ಇಲ್ಲ. ಯಾವ ಸೆನ್ಸರ್‌ಗೆ ಏನು ಗೊತ್ತಾಗುತ್ತೆ, ಏನು ಗೊತ್ತಾಗಲ್ಲ ಅಂತ ಮೊದಲು ನೋಡಿದ್ರೆ, ಯಾವ ಆಟ ಗೆದ್ದಿತು, ಯಾವುದು ಕೈಕೊಟ್ಟಿತು ಅನ್ನೋದು ತಾನಾಗಿ ಅರ್ಥ ಆಗುತ್ತೆ. ಅದನ್ನೇ ಇಲ್ಲಿ ಹಂತ ಹಂತವಾಗಿ ನೋಡೋಣ.

ಆಕ್ಸಿಲರೋಮೀಟರ್‌ಗೆ ಏನು ಗೊತ್ತು?

ವೀ ರಿಮೋಟ್ ಒಳಗೆ ಇದ್ದಿದ್ದು ಅನಲಾಗ್ ಡಿವೈಸಸ್ ಕಂಪನಿಯ ಎಡಿಎಕ್ಸ್‌ಎಲ್330 ಅನ್ನೋ ಚಿಪ್. ಮೂರು ಆಕ್ಸಿಸ್‌ಗಳಲ್ಲಿ, ಪ್ಲಸ್ ಅಥವಾ ಮೈನಸ್ 3 ಜಿ ವರೆಗೆ ವೇಗೋತ್ಕರ್ಷ ಅಳೆಯೋ ಆಕ್ಸಿಲರೋಮೀಟರ್ ಅದು. ಒಳಗಡೆ ಸಿಲಿಕಾನ್‌ನಲ್ಲೇ ಕೆತ್ತಿದ ಒಂದು ಪುಟ್ಟ ತೂಕ, ಅದನ್ನ ಹಿಡಿದಿಟ್ಟ ಸ್ಪ್ರಿಂಗ್‌ಗಳು. ತೂಕ ಅತ್ತಿತ್ತ ಸರಿದಾಗ ಪಕ್ಕದ ಪ್ಲೇಟ್‌ಗಳ ನಡುವಿನ ಕೆಪಾಸಿಟೆನ್ಸ್ ಬದಲಾಗುತ್ತೆ. ಆ ಬದಲಾವಣೆಯೇ ಸಿಗ್ನಲ್.

ಇಲ್ಲಿ ಒಂದು ಸೂಕ್ಷ್ಮ ಇದೆ. ಟೇಬಲ್ ಮೇಲೆ ಸುಮ್ಮನೆ ಇಟ್ಟ ಆಕ್ಸಿಲರೋಮೀಟರ್ ಸೊನ್ನೆ ತೋರಿಸಲ್ಲ, 1 ಜಿ ತೋರಿಸುತ್ತೆ. ಯಾಕಂದ್ರೆ ಸ್ಪ್ರಿಂಗ್ ಆ ತೂಕವನ್ನ ಎತ್ತಿ ಹಿಡಿದಿರಬೇಕು. ಅದೇ ಚಿಪ್ಪನ್ನ ಮೇಲಿಂದ ಬಿಟ್ರೆ, ಬೀಳ್ತಾ ಇರೋವಷ್ಟು ಹೊತ್ತು ಸುಮಾರು ಸೊನ್ನೆ ತೋರಿಸುತ್ತೆ. ಅಂದ್ರೆ ಅದು ಅಳೆಯೋದು ಚಲನೆ ಮತ್ತು ಗುರುತ್ವ ಎರಡೂ ಸೇರಿದ ಒಂದು ಸಂಖ್ಯೆಯನ್ನ. ಎರಡನ್ನೂ ಬೇರೆ ಬೇರೆ ಮಾಡಿ ಹೇಳೋ ಶಕ್ತಿ ಅದಕ್ಕಿಲ್ಲ.

ಬಸ್ಸಲ್ಲಿ ಕಂಬಿ ಹಿಡ್ಕೊಂಡು ಕಣ್ಣು ಮುಚ್ಚಿ ನಿಂತಿದ್ದೀರಿ ಅಂತ ಇಟ್ಕೊಳ್ಳಿ. ಮೈ ಮುಂದಕ್ಕೆ ವಾಲಿತು. ಡ್ರೈವರ್ ಬ್ರೇಕ್ ಹಾಕಿದ್ರಾ, ಇಲ್ಲಾ ಬಸ್ಸು ಘಾಟಿ ಇಳೀತಾ ಇದೆಯಾ? ಕಣ್ಣು ತೆರೆಯದೆ ಹೇಳೋಕಾಗಲ್ಲ. ಆಕ್ಸಿಲರೋಮೀಟರ್ ಪಾಡೂ ಅದೇ. ರಿಮೋಟನ್ನ ಓರೆ ಮಾಡಿದ್ದಕ್ಕೂ ಪಕ್ಕಕ್ಕೆ ಎಳೆದಿದ್ದಕ್ಕೂ ಒಂದೇ ಥರದ ಸಂಖ್ಯೆ ಬರಬಹುದು.

‘ಆಕ್ಸಿಲರೇಷನ್ ಇದೆಯಲ್ಲ, ಎರಡು ಸಲ ಇಂಟಿಗ್ರೇಟ್ ಮಾಡಿದ್ರೆ ಕೈ ಎಲ್ಲಿದೆ ಅಂತ ಸಿಗಲ್ವಾ?’ ಅಂತ ಕೇಳಬಹುದು. ಮ್ಯಾಥ್ಸ್ ಪೇಪರಲ್ಲಿ ಸಿಗುತ್ತೆ, ಕೈಯಲ್ಲಿ ಸಿಗಲ್ಲ. ಸೆನ್ಸರಲ್ಲಿ ಒಂದು ಸಣ್ಣ ತಪ್ಪು, ಅಂದ್ರೆ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 0.1 ಮೀಟರ್‌ನಷ್ಟು ಬಯಾಸ್ ಇದೆ ಅಂತ ತಗೊಳ್ಳಿ. ಗುರುತ್ವದ ನೂರರಲ್ಲಿ ಒಂದು ಪಾಲು ಅಷ್ಟೆ. ಸ್ಥಾನದಲ್ಲಿ ಬರೋ ತಪ್ಪು = ½ × ಬಯಾಸ್ × ಸಮಯದ ವರ್ಗ. ಒಂದು ಸೆಕೆಂಡ್ ಆದ್ಮೇಲೆ 5 ಸೆಂಟಿಮೀಟರ್ ತಪ್ಪು, ಪರವಾಗಿಲ್ಲ. ಹತ್ತು ಸೆಕೆಂಡ್ ಆದ್ಮೇಲೆ 5 ಮೀಟರ್. ನಿಮ್ಮ ಕೈ ರೂಮಿಂದ ಹೊರಗೆ, ಕಾರಿಡಾರಲ್ಲಿ ಇದೆ ಅಂತ ಆಟ ನಂಬುತ್ತೆ.

ಅದಕ್ಕೇ 2006ರ ವೀಗೆ ನಿಮ್ಮ ಕೈ ಎಲ್ಲಿದೆ ಅಂತ ಗೊತ್ತಿರಲಿಲ್ಲ. ‘ಈಗ ಜೋರಾಗಿ ಏನೋ ಅಲುಗಾಡಿತು’ ಅನ್ನೋದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಜೈರೋಗೆ ಏನು ಗೊತ್ತು?

ಜೈರೋಸ್ಕೋಪ್ ಅಳೆಯೋದು ತಿರುಗೋ ವೇಗವನ್ನ, ಸೆಕೆಂಡಿಗೆ ಎಷ್ಟು ಡಿಗ್ರಿ ಅಂತ. ಚಿಪ್ ಒಳಗೆ ಒಂದು ಪುಟ್ಟ ತೂಕ ಸದಾ ಕಂಪಿಸ್ತಾ ಇರುತ್ತೆ. ಚಿಪ್ ತಿರುಗಿದಾಗ ಕೊರಿಯೊಲಿಸ್ ಬಲದಿಂದ ಆ ಕಂಪನ ಪಕ್ಕಕ್ಕೆ ಜರುಗುತ್ತೆ. ಎಷ್ಟು ಜರುಗಿತು ಅನ್ನೋದರಿಂದ ತಿರುಗೋ ವೇಗ ಸಿಗುತ್ತೆ. ವೀಗೆ ಇದು ಬಂದಿದ್ದು 2009ರಲ್ಲಿ, ‘ಮೋಷನ್‌ಪ್ಲಸ್’ ಅನ್ನೋ ಹೆಚ್ಚುವರಿ ತುಂಡಾಗಿ.

ವೇಗ ಗೊತ್ತಿದ್ರೆ ಕೋನ ಬೇಕು ಅಂದಾಗ ಒಂದೇ ಸಲ ಇಂಟಿಗ್ರೇಟ್ ಮಾಡಿದ್ರೆ ಸಾಕು. ಹಾಗಾಗಿ ತಪ್ಪು ಬೆಳೆಯೋದು ಸಮಯದ ವರ್ಗದ ಲೆಕ್ಕದಲ್ಲಲ್ಲ, ಸಮಯದ ಲೆಕ್ಕದಲ್ಲಿ. ಆದ್ರೂ ಬೆಳೆಯುತ್ತೆ. ಸೆಕೆಂಡಿಗೆ ಅರ್ಧ ಡಿಗ್ರಿ ಬಯಾಸ್ ಇದ್ರೆ ಒಂದು ನಿಮಿಷಕ್ಕೆ 30 ಡಿಗ್ರಿ ತಪ್ಪು. ಇದನ್ನೇ ಡ್ರಿಫ್ಟ್ ಅಂತೀವಿ.

ಇದಕ್ಕೆ ಔಷಧಿ ಸೆನ್ಸರ್ ಫ್ಯೂಷನ್. ಜೈರೋ ಕ್ಷಣದ ಲೆಕ್ಕದಲ್ಲಿ ಜಾಣ, ನಿಮಿಷದ ಲೆಕ್ಕದಲ್ಲಿ ದಡ್ಡ. ಆಕ್ಸಿಲರೋಮೀಟರ್ ಅದಕ್ಕೆ ತದ್ವಿರುದ್ಧ. ಕೈ ಅಲುಗಾಡುವಾಗ ಅದನ್ನ ನಂಬೋಕಾಗಲ್ಲ, ಆದ್ರೆ ಸರಾಸರಿ ತೆಗೆದ್ರೆ ಭೂಮಿ ಯಾವ ಕಡೆ ಇದೆ ಅಂತ ಸರಿಯಾಗಿ ಹೇಳುತ್ತೆ. ಇಬ್ಬರನ್ನೂ ಸೇರಿಸಬೇಕು. ಅತಿ ಸರಳವಾದ ದಾರಿ ಕಾಂಪ್ಲಿಮೆಂಟರಿ ಫಿಲ್ಟರ್:

ಹೊಸ ಕೋನ = 0.98 × (ಹಳೆ ಕೋನ + ಜೈರೋ ವೇಗ × ಸಮಯ) + 0.02 × ಆಕ್ಸಿಲರೋಮೀಟರ್ ಹೇಳಿದ ಕೋನ

ಎಂಪಿಯು-6050 ಮಾಡ್ಯೂಲ್ ಹಾಕಿ ಸೆಲ್ಫ್-ಬ್ಯಾಲೆನ್ಸಿಂಗ್ ರೋಬೋ ಮಾಡಿರೋರಿಗೆ ಈ ಸಾಲು ಬಾಯಿಪಾಠ ಇರುತ್ತೆ. 0.98 ಅನ್ನೋದು ಕಲ್ಲಲ್ಲಿ ಕೆತ್ತಿದ ಸಂಖ್ಯೆ ಅಲ್ಲ, ಎಷ್ಟು ಬೇಗ ಬೇಗ ಸ್ಯಾಂಪಲ್ ತಗೋತೀವಿ ಅನ್ನೋದರ ಮೇಲೆ ಬದಲಾಯಿಸಿಕೊಳ್ಳಬೇಕು.

ಆದ್ರೆ ಇಲ್ಲೂ ಒಂದು ತೂತು ಉಳಿಯುತ್ತೆ. ಮುಂದೆ-ಹಿಂದೆ ಬಾಗಿದ್ದು, ಪಕ್ಕಕ್ಕೆ ವಾಲಿದ್ದು, ಈ ಎರಡನ್ನ ಗುರುತ್ವ ನೋಡಿ ತಿದ್ದಬಹುದು. ನೆಟ್ಟಗೆ ಹಿಡಿದು ಎಡಕ್ಕೋ ಬಲಕ್ಕೋ ತಿರುಗಿಸಿದ್ರೆ ಗುರುತ್ವದ ದಿಕ್ಕು ಬದಲಾಗೋದೇ ಇಲ್ಲ. ಹಾಗಾಗಿ ಟಿವಿ ಯಾವ ಕಡೆ ಇದೆ ಅನ್ನೋದು ಈ ಎರಡು ಸೆನ್ಸರ್‌ಗಳಿಗೂ ಎಂದಿಗೂ ಗೊತ್ತಾಗಲ್ಲ. ಹೊರಗಿಂದ ಯಾರಾದ್ರೂ ಹೇಳಬೇಕು.

ವೀನಲ್ಲಿ ಅದನ್ನ ಹೇಳ್ತಾ ಇದ್ದಿದ್ದು ಟಿವಿ ಮೇಲೆ ಇಡೋ ‘ಸೆನ್ಸರ್ ಬಾರ್’. ಹೆಸರು ಸೆನ್ಸರ್ ಬಾರ್ ಆದ್ರೂ ಅದರಲ್ಲಿ ಸೆನ್ಸರೇ ಇಲ್ಲ! ಎರಡೂ ತುದೀಲಿ ಇನ್‌ಫ್ರಾರೆಡ್ ಎಲ್‌ಇಡಿಗಳು ಅಷ್ಟೆ. ಕ್ಯಾಮೆರಾ ಇರೋದು ರಿಮೋಟಿನ ಮೂತಿಯಲ್ಲಿ. ಆ ಎರಡು ಬೆಳಕಿನ ಚುಕ್ಕಿ ಎಲ್ಲಿ ಕಾಣ್ತಿವೆ ಅಂತ ನೋಡಿ, ನೀವು ಎಲ್ಲಿಗೆ ತೋರಿಸ್ತಿದ್ದೀರಿ ಅಂತ ಲೆಕ್ಕ ಹಾಕುತ್ತೆ. ಬಾರ್ ಕೆಟ್ಟುಹೋದವರು ಅದರ ಜಾಗದಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟು ಆಡಿದ್ದೂ ಇದೆ, ಯಾಕಂದ್ರೆ ಬೆಂಕಿಯಲ್ಲೂ ಇನ್‌ಫ್ರಾರೆಡ್ ಇರುತ್ತೆ.

ಬಟನ್‌ಗೆ, ಸ್ಟಿಕ್‌ಗೆ ಏನು ಗೊತ್ತು?

ಬಟನ್‌ಗೆ ಗೊತ್ತಿರೋದು ತುಂಬಾ ಕಮ್ಮಿ. ಒತ್ತಿದ್ದಾರೆ ಅಥವಾ ಒತ್ತಿಲ್ಲ. ಆದ್ರೆ ಅಷ್ಟನ್ನ ಅನುಮಾನವೇ ಇಲ್ಲದೆ ಹೇಳುತ್ತೆ. ಒತ್ತಿದ ಕ್ಷಣವೇ ಹೇಳುತ್ತೆ. ಬೆರಳಿಗೆ ‘ಟಿಕ್’ ಅಂತ ಉತ್ತರ ಕೂಡ ಕೊಡುತ್ತೆ. ಈ ಮೂರು ಗುಣ, ಅಂದ್ರೆ ಖಚಿತತೆ, ತಕ್ಷಣ, ಮರುಸ್ಪರ್ಶ, ನಮಗೆ ಎಷ್ಟು ಅಭ್ಯಾಸ ಆಗಿದೆ ಅಂದ್ರೆ ಅದು ಇಲ್ಲದಾಗ ಮಾತ್ರ ಅದರ ಬೆಲೆ ಗೊತ್ತಾಗೋದು.

ಅನಲಾಗ್ ಸ್ಟಿಕ್ ಅಂದ್ರೆ ಸಾಮಾನ್ಯವಾಗಿ ಎರಡು ಪೊಟೆನ್ಷಿಯೋಮೀಟರ್, ಜೊತೆಗೆ ನಡುವಿಗೆ ವಾಪಸ್ ತರೋ ಸ್ಪ್ರಿಂಗ್. ನಾವು ಗಮನಿಸದೇ ಇರೋ ಒಂದು ವಿಷಯ: ಶೂಟಿಂಗ್ ಆಟದಲ್ಲಿ ಸ್ಟಿಕ್ ನಿಯಂತ್ರಿಸೋದು ದಿಕ್ಕನ್ನಲ್ಲ, ದಿಕ್ಕು ಬದಲಾಗೋ ವೇಗವನ್ನ. ಇದಕ್ಕೆ ರೇಟ್ ಕಂಟ್ರೋಲ್ ಅಂತಾರೆ. ಮೌಸ್ ಹಾಗಲ್ಲ. ಎಷ್ಟು ಸರಿಸಿದ್ರೆ ಅಷ್ಟೇ ತಿರುಗುತ್ತೆ, ಅದು ಪೊಸಿಷನ್ ಕಂಟ್ರೋಲ್.

ಒಂದು ಲೆಕ್ಕ ಮಾಡೋಣ. ಸ್ಟಿಕ್ ಪೂರ್ತಿ ಒತ್ತಿದಾಗ ಸೆಕೆಂಡಿಗೆ 180 ಡಿಗ್ರಿ ತಿರುಗೋ ಹಾಗೆ ಸೆಟ್ ಮಾಡಿದ್ದೀರಿ. ಶತ್ರು 3 ಡಿಗ್ರಿ ಪಕ್ಕದಲ್ಲಿದ್ದಾನೆ. ಪೂರ್ತಿ ಒತ್ತಿದ್ರೆ ಆ 3 ಡಿಗ್ರಿ ದಾಟೋಕೆ ಬೇಕಾಗಿರೋದು ಸೆಕೆಂಡಿನ 60ರಲ್ಲಿ ಒಂದು ಭಾಗ. 60 ಎಫ್‌ಪಿಎಸ್ ಆಟದಲ್ಲಿ ಅದು ಒಂದೇ ಒಂದು ಫ್ರೇಮ್! ಅಷ್ಟು ಕರಾರುವಾಕ್ಕಾಗಿ ಯಾರೂ ಬೆರಳು ತೆಗೆಯೋಕಾಗಲ್ಲ. ಹಾಗಾಗಿ ಸ್ವಲ್ಪವೇ ಒತ್ತಬೇಕು, ಗುರಿ ದಾಟಿದ್ರೆ ವಾಪಸ್ ತರಬೇಕು. ಕನ್ಸೋಲ್ ಶೂಟಿಂಗ್ ಆಟಗಳಲ್ಲಿ ‘ಏಮ್ ಅಸಿಸ್ಟ್’ ಇರೋದು ಸುಮ್ಮನೆ ಅಲ್ಲ.

ಜೈರೋದಲ್ಲಿ ಕೈಯನ್ನ 3 ಡಿಗ್ರಿ ತಿರುಗಿಸಿದ್ರೆ ಗುರಿ 3 ಡಿಗ್ರಿ ತಿರುಗೋ ಹಾಗೆ ಇಡಬಹುದು. ಸಣ್ಣ ತಿದ್ದುಪಡಿಗೆ ಇದು ಮೌಸ್‌ಗೆ ಹತ್ತಿರ. ಆದ್ರೆ ಹಿಂದೆ ಇರೋ ಶತ್ರು ಕಡೆ ತಿರುಗಬೇಕು ಅಂದ್ರೆ? ಫೋನ್ ಹಿಡ್ಕೊಂಡು 180 ಡಿಗ್ರಿ ತಿರುಗಿ ಕೂರೋಕಾಗಲ್ಲ. ಅದಕ್ಕೆ ಸ್ಟಿಕ್ಕೇ ಬೇಕು. ಅಂದ್ರೆ ಇವೆರಡು ಒಂದೇ ಕೆಲಸಕ್ಕೆ ಬಂದ ಇಬ್ಬರು ಅಭ್ಯರ್ಥಿಗಳಲ್ಲ, ಎರಡು ಬೇರೆ ಕೆಲಸ ಬಲ್ಲವರು.

ಒಂದು ಕತ್ತಿ, ಮೂರು ಪ್ರಯೋಗ

ಈಗ ನಿಜವಾದ ಉದಾಹರಣೆಗೆ ಬರೋಣ. ನಿಂಟೆಂಡೊದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಸರಣಿಯಲ್ಲಿ ಲಿಂಕ್ ಅನ್ನೋ ಹುಡುಗ ಕತ್ತಿ ಹಿಡಿದು ಹೋರಾಡ್ತಾನೆ. ಇದೇ ಸರಣಿಯಲ್ಲಿ ಕತ್ತಿ ಬೀಸೋ ರೀತಿಯನ್ನ ಮೂರು ಸಲ ಬೇರೆ ಬೇರೆ ಮಾಡಿ ನೋಡಿದ್ದಾರೆ. ನಮಗೆ ಇದಕ್ಕಿಂತ ಒಳ್ಳೆ ಕೇಸ್ ಸ್ಟಡಿ ಸಿಗಲ್ಲ.

ಮೊದಲನೇದು 2006ರ ‘ಟ್ವೈಲೈಟ್ ಪ್ರಿನ್ಸೆಸ್’. ಗೇಮ್‌ಕ್ಯೂಬ್‌ಗಾಗಿ ಶುರುವಾದ ಆಟ, ಕೊನೆಗೆ ವೀಗೂ ಬಂತು. ಲಿಂಕ್ ಎಡಚ. ಆದ್ರೆ ವೀ ಆಡೋ ಹೆಚ್ಚಿನವರು ಬಲಗೈಯಲ್ಲಿ ರಿಮೋಟ್ ಬೀಸ್ತಾರೆ. ಇದನ್ನ ಸರಿಮಾಡೋಕೆ ಏನು ಮಾಡಿದ್ರು ಗೊತ್ತಾ? ವೀ ಆವೃತ್ತಿಯಲ್ಲಿ ಇಡೀ ಆಟವನ್ನೇ ಕನ್ನಡಿ ಬಿಂಬದ ಹಾಗೆ ತಿರುಗಿಸಿಬಿಟ್ರು. ಗೇಮ್‌ಕ್ಯೂಬ್ ಮ್ಯಾಪಲ್ಲಿ ಪೂರ್ವಕ್ಕಿದ್ದ ಜಾಗ ವೀನಲ್ಲಿ ಪಶ್ಚಿಮಕ್ಕೆ ಬಂತು. ಒಂದು ಇನ್‌ಪುಟ್ ಬದಲಾಯಿಸಿದ್ರೆ ಇಡೀ ಪ್ರಪಂಚವೇ ಅದಕ್ಕೆ ಹೊಂದಿಕೊಳ್ಳಬೇಕಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಕಾ?

ಇಷ್ಟೆಲ್ಲಾ ಮಾಡಿದ್ರೂ ಆ ಆಟದಲ್ಲಿ ರಿಮೋಟನ್ನ ಹೇಗೆ ಅಲ್ಲಾಡಿಸಿದ್ರೂ ಕತ್ತಿ ತನಗೆ ಮೊದಲೇ ಗೊತ್ತಿದ್ದ ಏಟನ್ನೇ ಹೊಡೀತಿತ್ತು. ಒಳಗಿದ್ದಿದ್ದು ಬರೀ ಆಕ್ಸಿಲರೋಮೀಟರ್, ‘ಏನೋ ಅಲುಗಾಡಿತು’ ಅನ್ನೋದು ಮಾತ್ರ ಅದಕ್ಕೆ ಗೊತ್ತು. ಅಂದ್ರೆ ಒಂದು ಬಟನ್ ಮಾಡೋ ಕೆಲಸವನ್ನೇ ಮೊಣಕೈ ನೋವು ಸೇರಿಸಿ ಮಾಡಿಸಿದ ಹಾಗೆ. ಆದ್ರೆ ಅದೇ ಆಟದಲ್ಲಿ ಬಿಲ್ಲಿನಿಂದ ಗುರಿ ಇಡೋದು ಸ್ಟಿಕ್‌ಗಿಂತ ಸಲೀಸಾಯ್ತು. ಯಾಕಂದ್ರೆ ಅದಕ್ಕೆ ಇನ್‌ಫ್ರಾರೆಡ್ ಕ್ಯಾಮೆರಾ ಇತ್ತು, ರಿಮೋಟ್ ಎಲ್ಲಿಗೆ ತೋರಿಸ್ತಿದೆ ಅಂತ ನಿಜವಾಗಿ ಗೊತ್ತಿತ್ತು.

ಎರಡನೇದು 2011ರ ‘ಸ್ಕೈವರ್ಡ್ ಸ್ವೋರ್ಡ್’. ಇದಕ್ಕೆ ಮೋಷನ್‌ಪ್ಲಸ್ ಕಡ್ಡಾಯ. ಜೈರೋ ಇರೋದರಿಂದ ಕತ್ತಿ ನಿಮ್ಮ ಮಣಿಕಟ್ಟಿನ ಜೊತೆಗೇ ತಿರುಗುತ್ತೆ. ಆಟವನ್ನೂ ಅದಕ್ಕೆ ತಕ್ಕಂತೆ ಕಟ್ಟಿದ್ರು. ಬಾಯಿ ಅಡ್ಡಡ್ಡಲಾಗಿ ತೆರೆಯೋ ಮಾಂಸಾಹಾರಿ ಗಿಡವನ್ನ ಅಡ್ಡಕ್ಕೆ ಸೀಳಬೇಕು, ಉದ್ದುದ್ದ ತೆರೆದ್ರೆ ಉದ್ದಕ್ಕೆ ಸೀಳಬೇಕು. ಶತ್ರು ತನ್ನ ಆಯುಧವನ್ನ ಯಾವ ಕಡೆ ಅಡ್ಡ ಹಿಡಿದಿದ್ದಾನೆ ಅಂತ ನೋಡಿ, ಖಾಲಿ ಇರೋ ಕಡೆಯಿಂದ ಹೊಡೀಬೇಕು. ಪ್ರತಿ ಜಗಳವೂ ಒಂದು ಸಣ್ಣ ಒಗಟು. ಒಂದೇ ಬಟನ್ ಇದನ್ನ ಕೊಡೋಕಾಗಲ್ಲ.

ಆದ್ರೆ ಇಲ್ಲಿ ಮೂರು ಹೊಸ ತೊಂದರೆ ಬಂತು, ಮೂರೂ ಎಂಜಿನಿಯರಿಂಗ್ ತೊಂದರೆಗಳೇ.

ಒಂದು, ಎಲ್ಲಿಂದ ಎಲ್ಲಿಗೆ ‘ಏಟು’? ಎಡಕ್ಕೆ ಬೀಸಬೇಕು ಅಂದ್ರೆ ಕೈ ಮೊದಲು ಬಲಕ್ಕೆ ಹೋಗಲೇಬೇಕು. ಆ ಬಲಕ್ಕೆ ಹೋಗಿದ್ದು ತಯಾರಿನಾ, ಏಟಾ? ಮನುಷ್ಯನಿಗೆ ಗೊತ್ತು, ಸಿಗ್ನಲ್‌ಗೆ ಗೊತ್ತಿಲ್ಲ. ತಯಾರಿ ಸ್ವಲ್ಪ ಜೋರಾದ್ರೆ ಅದನ್ನೇ ಏಟು ಅಂದುಕೊಳ್ಳುತ್ತೆ.

ಎರಡು, ತಡ. ಬಟನ್ ಒತ್ತಿದ ಕ್ಷಣಕ್ಕೆ ಉದ್ದೇಶ ಸ್ಪಷ್ಟ. ಬೀಸಿನ ದಿಕ್ಕು ಯಾವುದು ಅಂತ ತಿಳಿಯೋಕೆ ಮಾತ್ರ ಸ್ವಲ್ಪ ಬೀಸು ಆಗಲೇಬೇಕು. ಒಂದು ಬೀಸು ಕಾಲು ಸೆಕೆಂಡ್ ಅಂತ ಇಟ್ಕೊಂಡು, ಅರ್ಧ ಆದ್ಮೇಲೆ ಗುರುತಿಸಿದ್ರೂ 60 ಎಫ್‌ಪಿಎಸ್‌ನಲ್ಲಿ ಏಳು ಫ್ರೇಮ್ ಹೋಯ್ತು. ಎಷ್ಟೇ ವೇಗದ ಪ್ರೊಸೆಸರ್ ಹಾಕಿದ್ರೂ ಈ ತಡ ಹೋಗಲ್ಲ, ಯಾಕಂದ್ರೆ ಇದು ಚಿಪ್ಪಿನ ತಡ ಅಲ್ಲ. ಬರಬೇಕಾದ ಮಾಹಿತಿಯೇ ಇನ್ನೂ ಬಂದಿಲ್ಲ.

ಮೂರು, ಗಾಳಿಗೆ ತಡೆ ಇಲ್ಲ. ಶತ್ರು ಅಡ್ಡ ಹಿಡಿದಾಗ ಸ್ಕ್ರೀನಲ್ಲಿ ಕತ್ತಿ ಠಣ್ ಅಂತ ನಿಲ್ಲುತ್ತೆ. ನಿಮ್ಮ ಕೈ ನಿಲ್ಲಲ್ಲ, ಗಾಳಿಯಲ್ಲಿ ಮುಂದೆ ಹೋಗಿರುತ್ತೆ. ಆ ಕ್ಷಣ ಕೈ ಒಂದು ಕಡೆ, ಕತ್ತಿ ಒಂದು ಕಡೆ.

ಇದರ ಜೊತೆಗೆ ಈ ಆಟದಲ್ಲಿ ಗುರಿ ಇಡೋಕೂ ಸೆನ್ಸರ್ ಬಾರ್ ಬದಲು ಜೈರೋನೇ ಬಳಸಿದ್ರು. ಹಾಗಾಗಿ ಡ್ರಿಫ್ಟ್ ಆದಾಗ ಆಗಾಗ ‘ಇದೇ ನಡು’ ಅಂತ ಬಟನ್ ಒತ್ತಿ ಹೇಳಬೇಕಿತ್ತು. ಟಿವಿ ಎಲ್ಲಿದೆ ಅಂತ ಜೈರೋಗೆ ಯಾರಾದ್ರೂ ಹೇಳಲೇಬೇಕು ಅಂದ್ವಲ್ಲ, ಇಲ್ಲಿ ಆ ಕೆಲಸ ಆಟಗಾರನ ತಲೆ ಮೇಲೆ ಬಂತು.

ಮೂರನೇದು 2021ರ ‘ಸ್ಕೈವರ್ಡ್ ಸ್ವೋರ್ಡ್ ಎಚ್‌ಡಿ’. ಅದೇ ಆಟ, ನಿಂಟೆಂಡೊ ಸ್ವಿಚ್‌ನಲ್ಲಿ. ಈ ಸಲ ಎರಡೂ ದಾರಿ ಕೊಟ್ರು. ಜಾಯ್-ಕಾನ್ ಬೀಸಿಯೂ ಆಡಬಹುದು, ಬರೀ ಬಟನ್‌ಗಳಲ್ಲೂ ಆಡಬಹುದು. ಬಟನ್ ಮೋಡಲ್ಲಿ ಬಲಗಡೆ ಸ್ಟಿಕ್ಕೇ ಕತ್ತಿ, ಯಾವ ದಿಕ್ಕಿಗೆ ತಳ್ಳಿದ್ರೆ ಆ ದಿಕ್ಕಿನ ಏಟು. ಮೋಷನ್‌ನಲ್ಲಿ ಕೈ ಆಕಾಶಕ್ಕೆ ಎತ್ತಿ ಕತ್ತಿಗೆ ಶಕ್ತಿ ತುಂಬೋ ಜಾಗದಲ್ಲಿ ಇಲ್ಲಿ ಸ್ಟಿಕ್ಕನ್ನ ಮೇಲಕ್ಕೆ ಒತ್ತಿ ಹಿಡೀಬೇಕು.

ಇದು ಉಚಿತವಾಗಿ ಬರಲಿಲ್ಲ. ಬಲಗಡೆ ಸ್ಟಿಕ್ ಅಂದ್ರೆ ಸಾಮಾನ್ಯವಾಗಿ ಕ್ಯಾಮೆರಾ. ಅದು ಕತ್ತಿ ಆಗ್ಬಿಟ್ರೆ ಕ್ಯಾಮೆರಾ ತಿರುಗಿಸೋದು ಹೇಗೆ? ಎಲ್ ಬಟನ್ ಒತ್ತಿ ಹಿಡ್ಕೊಂಡು ಅದೇ ಸ್ಟಿಕ್ ತಿರುಗಿಸಬೇಕು. ಮೋಷನ್ ಮೋಡಲ್ಲಿ ಆ ಕಷ್ಟ ಇಲ್ಲ, ಕತ್ತಿ ಕೈಯಲ್ಲಿದೆ, ಸ್ಟಿಕ್ ಕ್ಯಾಮೆರಾಗೆ ಖಾಲಿ. ಒಟ್ಟು ಕೆಲಸ ಅಷ್ಟೇ ಇದೆ, ಹಂಚಿಕೆ ಮಾತ್ರ ಬದಲಾಗುತ್ತೆ. ಮೋಷನ್‌ನ ನಿಜವಾದ ಲಾಭ ‘ರಿಯಲ್ ಆಗಿ ಅನ್ಸುತ್ತೆ’ ಅನ್ನೋದಕ್ಕಿಂತ ಇದೇ ಇರಬಹುದು. ಹೆಬ್ಬೆರಳುಗಳು ಇರೋದು ಎರಡೇ. ಮಣಿಕಟ್ಟನ್ನೂ ಕೆಲಸಕ್ಕೆ ಹಚ್ಚಿದ್ರೆ ನಮಗೆ ಇನ್ನೊಂದು ಇನ್‌ಪುಟ್ ಸಿಕ್ಕ ಹಾಗೆ.

ಬೌಲಿಂಗ್ ಯಾಕೆ ಗೆದ್ದಿತು?

ವೀ ಜೊತೆಗೆ ಜಪಾನ್ ಬಿಟ್ಟು ಹೆಚ್ಚಿನ ದೇಶಗಳಲ್ಲಿ ಉಚಿತವಾಗಿ ಬರ್ತಿದ್ದ ಆಟ ‘ವೀ ಸ್ಪೋರ್ಟ್ಸ್’. ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್ ಅಂತ ಐದು ಆಟ. ಇದರಲ್ಲಿ ಬೌಲಿಂಗ್ ಎಷ್ಟು ಸಹಜವಾಗಿತ್ತು ಅಂದ್ರೆ ಗೇಮ್ ಮುಟ್ಟದ ಅಜ್ಜ ಅಜ್ಜಿಯರೂ ಆಡಿದ್ರು. ಸೆನ್ಸರ್ ಅದೇ ಹಳೆ ಆಕ್ಸಿಲರೋಮೀಟರ್. ಹಾಗಾದ್ರೆ ಕತ್ತಿಗೆ ಸಾಲದ ಚಿಪ್ ಚೆಂಡಿಗೆ ಹೇಗೆ ಸಾಕಾಯ್ತು?

ಮೇಲಿನ ಮೂರು ತೊಂದರೆಗಳನ್ನ ಇಟ್ಕೊಂಡು ನೋಡಿ. ಬೌಲಿಂಗಲ್ಲಿ ಬಿ ಬಟನ್ ಒತ್ತಿ ಹಿಡ್ಕೊಂಡು ಕೈ ಹಿಂದೆ ತಗೊಂಡು, ಮುಂದೆ ಬೀಸಿ, ಬಟನ್ ಬಿಡಬೇಕು. ಬಿಟ್ಟ ಕ್ಷಣವೇ ಚೆಂಡು ಬಿಟ್ಟ ಕ್ಷಣ. ತಯಾರಿ ಯಾವುದು, ಎಸೆತ ಯಾವುದು ಅನ್ನೋ ಗೊಂದಲವೇ ಇಲ್ಲ. ತಡದ ಸಮಸ್ಯೆ ಇಲ್ಲ, ಯಾಕಂದ್ರೆ ಎಸೆದ ಮೇಲೆ ಚೆಂಡು ಉರುಳಿಕೊಂಡು ಹೋಗೋಕೆ ಹೇಗೂ ಸಮಯ ಬೇಕು. ತಡೆಯ ಸಮಸ್ಯೆಯೂ ಇಲ್ಲ, ಚೆಂಡು ಕೈ ಬಿಟ್ಟು ಹೋದ್ಮೇಲೆ ಕೈಗೆ ಏನೂ ತಾಗಬೇಕಾಗಿಲ್ಲ.

ಈ ಲೇಖನದಿಂದ ಒಂದೇ ಸಾಲು ನೆನಪಿಟ್ಟುಕೊಳ್ಳೋದಾದ್ರೆ ಇದು: ‘ಯಾವಾಗ’ ಅನ್ನೋದನ್ನ ಬಟನ್ ಹೇಳಲಿ, ‘ಎಷ್ಟು’, ‘ಯಾವ ಕಡೆ’ ಅನ್ನೋದನ್ನ ಚಲನೆ ಹೇಳಲಿ.

ಬಿಜಿಎಂಐನ ಸೆಟ್ಟಿಂಗ್ಸಲ್ಲಿ ಜೈರೋಗೆ ‘ಸ್ಕೋಪ್ ಆನ್’ ಅನ್ನೋ ಆಯ್ಕೆ ಇದೆಯಲ್ಲ, ಅದು ಇದೇ ಸೂತ್ರ. ಸ್ಕೋಪ್ ತೆರೆದಾಗ ಮಾತ್ರ ಜೈರೋ ಕೇಳಿಸಿಕೊಳ್ಳುತ್ತೆ. ಓಡುವಾಗ ಕೈ ಅಲುಗಾಡಿದ್ರೆ ಲೆಕ್ಕಕ್ಕಿಲ್ಲ. ದೊಡ್ಡ ತಿರುವು ಹೆಬ್ಬೆರಳಿಗೆ, ಸಣ್ಣ ತಿದ್ದುಪಡಿ ಮಣಿಕಟ್ಟಿಗೆ. ಜೈರೋನಾ ಹೆಬ್ಬೆರಳಾ ಅನ್ನೋ ವಾದಕ್ಕೆ ಆಟದ ಸೆಟ್ಟಿಂಗ್ಸಲ್ಲೇ ಉತ್ತರ ಕೂತಿದೆ.

2018ರಲ್ಲಿ ಬಂದ ವಿಆರ್ ಆಟ ‘ಬೀಟ್ ಸೇಬರ್’ ಕೂಡ ನೋಡಿ. ಹಾಡಿನ ತಾಳಕ್ಕೆ ಹಾರಿ ಬರೋ ಪೆಟ್ಟಿಗೆಗಳನ್ನ ಬೆಳಕಿನ ಕತ್ತಿಯಿಂದ ಸೀಳಬೇಕು. ವಿಆರ್‌ನಲ್ಲಿ ಕೈ ಎಲ್ಲಿದೆ ಅಂತ ಹೊರಗಿನ ಆಧಾರ ನೋಡಿ ಅಳೆಯೋದರಿಂದ ಊಹೆ ಬೇಕಾಗಿಲ್ಲ. ಯಾವಾಗ ಹೊಡೀಬೇಕು ಅನ್ನೋದನ್ನ ಹಾಡೇ ಹೇಳುತ್ತೆ. ಬೆಳಕಿನ ಕತ್ತಿಗೆ ತಡೆಯೇ ಇರಲ್ಲ, ಅದು ಹಾದುಹೋಗುತ್ತೆ. ಕೈಯೂ ಹಾದುಹೋಗುತ್ತೆ. ಸೆನ್ಸರ್‌ನ ಮಿತಿಯನ್ನ ಮುಚ್ಚಿಡದೆ ಆಟವನ್ನೇ ಅದರ ಸುತ್ತ ಕಟ್ಟಿದ್ದಾರೆ.

ಬಟನ್ ಪೂರ್ತಿ ತೆಗೆದ್ರೆ?

ಮೈಕ್ರೋಸಾಫ್ಟ್ ಅದನ್ನೂ ಮಾಡಿ ನೋಡಿತು. 2010ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360ಗೆ ಬಂದ ಕಿನೆಕ್ಟ್‌ನಲ್ಲಿ ಕೈಗೆ ಕಂಟ್ರೋಲರೇ ಇಲ್ಲ. ಇನ್‌ಫ್ರಾರೆಡ್ ಚುಕ್ಕಿಗಳ ಜಾಲವನ್ನ ರೂಮಿನ ಮೇಲೆ ಚೆಲ್ಲಿ, ಆ ಚುಕ್ಕಿಗಳು ಎಷ್ಟು ಜರುಗಿವೆ ಅಂತ ನೋಡಿ ಆಳ ಲೆಕ್ಕ ಹಾಕೋ ಕ್ಯಾಮೆರಾ. ಮೊದಲ 60 ದಿನದಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನಿಸ್ ದಾಖಲೆ ಆಯ್ತು.

ಆದ್ರೆ ಬಟನ್ ಇಲ್ಲದೇ ‘ಓಕೆ’ ಅನ್ನೋದು ಹೇಗೆ? ಮೆನುವಿನ ಮೇಲೆ ಕೈಯನ್ನ ಒಂದೆರಡು ಸೆಕೆಂಡ್ ಅಲ್ಲಾಡದೆ ಹಿಡೀಬೇಕು. ಒಂದು ಟಿಕ್ ಆಗಬೇಕಿದ್ದ ಜಾಗದಲ್ಲಿ ಧ್ಯಾನ! ಒಬ್ಬರು ಆಡೋಕೆ ಸುಮಾರು 6 ಅಡಿ, ಇಬ್ಬರಿಗೆ 8 ಅಡಿ ದೂರ ಬೇಕಿತ್ತು. ಮೂರು ಮಂಚ ಹಾಕಿದ ಹಾಸ್ಟೆಲ್ ರೂಮಲ್ಲಿ ಊಹಿಸಿಕೊಳ್ಳಿ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಕಿನೆಕ್ಟ್ ಕಡ್ಡಾಯವಾಗಿ ಸೇರಿಸಿ 499 ಡಾಲರ್‌ಗೆ ಮಾರಿದ್ರು. ಪ್ಲೇಸ್ಟೇಷನ್ 4ರ ಬೆಲೆ 399. ಮರುವರ್ಷವೇ ಕಿನೆಕ್ಟ್ ಇಲ್ಲದ ಎಕ್ಸ್‌ಬಾಕ್ಸ್ 399ಕ್ಕೆ ಬಂತು. 2017ರಲ್ಲಿ ಕಿನೆಕ್ಟ್ ತಯಾರಿಕೆಯೇ ನಿಂತಿತು.

ಆದ್ರೆ ಅದೇ ಕಿನೆಕ್ಟ್ ರೋಬೋಟಿಕ್ಸ್ ಲ್ಯಾಬ್‌ಗಳಲ್ಲಿ ಕಮ್ಮಿ ಬೆಲೆಯ ಡೆಪ್ತ್ ಕ್ಯಾಮೆರಾ ಆಗಿ ಗೆದ್ದಿತು. ಅಲ್ಲಿ ಅದನ್ನ ಯಾರೂ ‘ಈಗ ಓಕೆ ಅಂದ್ರಾ?’ ಅಂತ ಕೇಳಲಿಲ್ಲ. ‘ಗೋಡೆ ಎಷ್ಟು ದೂರ?’ ಅಂತ ಕೇಳಿದ್ರು. ಸೆನ್ಸರ್ ಅದೇ, ಪ್ರಶ್ನೆ ಬೇರೆ.

ಯಾರು ಆಡಬಹುದು?

ಇಷ್ಟು ಹೊತ್ತು ಡಿಗ್ರಿ, ಫ್ರೇಮ್ ಅಂತ ಮಾತಾಡಿದ್ವಿ. ನಿಜವಾಗಿ ಇದರಲ್ಲಿ ಪಣಕ್ಕಿರೋದು ಬೇರೆ: ಯಾರನ್ನ ಆಟದ ಒಳಗೆ ಕರೀತೀವಿ, ಯಾರನ್ನ ಹೊರಗೆ ನಿಲ್ಲಿಸ್ತೀವಿ ಅನ್ನೋದು.

ಹತ್ತು ಹದಿನೈದು ಬಟನ್ ಇರೋ ಕಂಟ್ರೋಲರ್ ನಮಗೆ ಸಹಜ, ಯಾಕಂದ್ರೆ ಚಿಕ್ಕಂದಿನಿಂದ ಒತ್ತಿ ಅಭ್ಯಾಸ. ಮೊದಲ ಸಲ ಹಿಡಿದ ಅಮ್ಮನಿಗೋ ಅಜ್ಜಿಗೋ ಅದು ಕಾಕ್‌ಪಿಟ್ ಥರ ಕಾಣುತ್ತೆ. ಚೆಂಡು ಎಸೆಯೋದನ್ನ ಮಾತ್ರ ಯಾರೂ ಹೇಳಿಕೊಡಬೇಕಾಗಿಲ್ಲ. ಮೋಷನ್ ಕಂಟ್ರೋಲ್ ಬಾಗಿಲು ತೆರೆದಿದ್ದು ಅಂಥವರಿಗೆ.

ಅದೇ ಬಾಗಿಲು ಇನ್ನೊಬ್ಬರಿಗೆ ಮುಚ್ಚಿತು. ಭುಜ ಎತ್ತೋಕೆ ಆಗದವರು, ಕೈ ನಡುಗೋರು, ಒಂದೇ ಕೈ ಇರೋರು, ಮಲಗಿದಲ್ಲೇ ಇರೋರು, ಇವರಿಗೆ 2011ರ ‘ಸ್ಕೈವರ್ಡ್ ಸ್ವೋರ್ಡ್’ ಆಡೋ ದಾರಿಯೇ ಇರಲಿಲ್ಲ. ಕತ್ತಿ ಬೀಸಬೇಕು, ಇಲ್ಲಾಂದ್ರೆ ಆಟ ಇಲ್ಲ. ಹತ್ತು ವರ್ಷ ಆದ್ಮೇಲೆ ಬಂದ ಬಟನ್ ಮೋಡ್ ‘ಅಭ್ಯಾಸ ಇಲ್ಲದವರಿಗೆ ಒಂದು ಅನುಕೂಲ’ ಮಾತ್ರ ಅಲ್ಲ. ಇವರಲ್ಲಿ ಎಷ್ಟೋ ಜನರಿಗೆ ಅದೇ ಮೊದಲ ಪ್ರವೇಶ. ಆದ್ರೆ ಎರಡು ಸ್ಟಿಕ್ ಹಿಡಿಯೋಕೂ ಆಗದವರಿದ್ದಾರೆ. ಮೈಕ್ರೋಸಾಫ್ಟ್ 2018ರಲ್ಲಿ ತಂದ ‘ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್’ ಇವರನ್ನ ನೆನಪಿಟ್ಟುಕೊಂಡು ಮಾಡಿದ್ದು. ಮೇಲೆ ಎರಡು ದೊಡ್ಡ ಬಟನ್, ಹಿಂದೆ 3.5 ಮಿಲಿಮೀಟರ್ ಜ್ಯಾಕ್‌ಗಳ ಸಾಲು. ಕಾಲಲ್ಲಿ ಒತ್ತೋ ಪೆಡಲ್ಲೋ, ತಲೆ ಪಕ್ಕದ ಸ್ವಿಚ್ಚೋ, ಯಾರಿಗೆ ಯಾವುದು ಆಗುತ್ತೋ ಅದನ್ನ ಸಿಗಿಸಿಕೊಳ್ಳಬಹುದು. ಒಳ್ಳೆ ಕಂಟ್ರೋಲರ್ ಅಂದ್ರೆ ಇಂಥದ್ದೇ ಅಂತ ಹೇಳದೆ, ನಿಮ್ಮ ಮೈಗೆ ಯಾವುದು ಸರಿ ಅಂತ ಕೇಳೋ ಕಂಟ್ರೋಲರ್ ಅದು.

ನೀವೇ ಮಾಡಿ ನೋಡಿ

‘ಫಿಫಾಕ್ಸ್’ ಅನ್ನೋ ಉಚಿತ ಆ್ಯಪ್ ಹಾಕಿಕೊಂಡ್ರೆ ಫೋನಿನ ಸೆನ್ಸರ್‌ಗಳ ಸಂಖ್ಯೆಗಳನ್ನ ನೇರವಾಗಿ ನೋಡಬಹುದು. ಮೂರು ಪ್ರಯೋಗ:

1. ಗುರುತ್ವ ಸೇರಿಸಿದ ಆಕ್ಸಿಲರೇಷನ್ ತೆರೆದು ಫೋನನ್ನ ಟೇಬಲ್ ಮೇಲಿಡಿ. ಸುಮಾರು 9.8 ಬರುತ್ತೆ. ಆಮೇಲೆ ಹಾಸಿಗೆ ಮೇಲೆ, ಒಂದಡಿ ಎತ್ತರದಿಂದ ಬಿಡಿ. ಗ್ರಾಫ್ ಸೊನ್ನೆ ಹತ್ತಿರ ಬರೋ ಆ ಪುಟ್ಟ ಕಣಿವೆ ಹುಡುಕಿ.

2. ಜೈರೋ ತೆರೆದು ಫೋನನ್ನ ಅಲ್ಲಾಡದೆ ಒಂದು ನಿಮಿಷ ಇಡಿ. ಡೇಟಾ ಎಕ್ಸ್‌ಪೋರ್ಟ್ ಮಾಡಿ ಸ್ಪ್ರೆಡ್‌ಶೀಟಲ್ಲಿ ಕೂಡಿಸ್ತಾ ಹೋಗಿ. ಅಲ್ಲಾಡದ ಫೋನ್ ಎಷ್ಟು ತಿರುಗಿದೆ ಅಂತ ಲೆಕ್ಕ ಹೇಳುತ್ತೆ?

3. ಫೋನ್ ಬಿಗಿಯಾಗಿ ಹಿಡಿದು ಹತ್ತು ಸಲ ಎಡಕ್ಕೆ ಬೀಸಿ. ಗ್ರಾಫ್ ನೋಡಿ, ತಯಾರಿ ಯಾವುದು, ಬೀಸು ಯಾವುದು ಅಂತ ಬೇರೆ ಮಾಡೋ ಒಂದು ನಿಯಮ ಬರೀರಿ. ಆಮೇಲೆ ಅದೇ ನಿಯಮವನ್ನ ರೂಮ್‌ಮೇಟ್‌ನ ಬೀಸಿಗೆ ಹಾಕಿ ನೋಡಿ. ಎಷ್ಟರಲ್ಲಿ ಕೈಕೊಡುತ್ತೆ ಎಣಿಸಿ.

ಮಿನಿ ಪ್ರಾಜೆಕ್ಟ್‌ಗೆ ‘ಜೆಸ್ಚರ್ ಕಂಟ್ರೋಲ್ಡ್’ ಅಂತ ಏನಾದ್ರೂ ತಗೊಳ್ಳೋರು, ವೀಲ್‌ಚೇರ್ ಇರಲಿ, ರೋಬೋ ಇರಲಿ, ಫ್ಯಾನ್ ಇರಲಿ, ಸರ್ಕ್ಯೂಟ್ ಹಾಕೋ ಮುಂಚೆ ಮೂರು ಪ್ರಶ್ನೆ ಬರೆದು ಉತ್ತರ ಕೊಟ್ಟುಕೊಳ್ಳಿ. ನನ್ನ ಸೆನ್ಸರ್‌ಗೆ ನಿಜವಾಗಿ ಏನು ಗೊತ್ತು? ‘ಈಗ’ ಅಂತ ಅದಕ್ಕೆ ಯಾರು ಹೇಳ್ತಾರೆ? ಕೈ ಎತ್ತೋಕೆ ಆಗದವರು ಇದನ್ನ ಹೇಗೆ ಬಳಸ್ತಾರೆ? ವೀಲ್‌ಚೇರ್ ಪ್ರಾಜೆಕ್ಟ್ ಮಾಡೋರು ಮಾತ್ರ ದಯವಿಟ್ಟು ಮೂರನೇ ಪ್ರಶ್ನೆಯಿಂದ ಶುರು ಮಾಡಿ.